ಮೊದಲ ನೋಟಿಸು ಯಾರಿಗೆ?

ಎಸ್ಸೆಸ್ಸೆಲ್ಸಿ ಫಲಿತಾಂಶ ಬಿದ್ದರೆ ಸಾಕು, ಹೆಡ್‌ಮಾಸ್ತರರ ಮೇಜಿಗೆ ನೋಟಿಸು ಬಂತೆಂದೇ ಲೆಕ್ಕ. ಕಳಪೆ ಸಾಧನೆಗೆ ಕಾರಣ ಕೊಡಬೇಕಂತೆ. ಕಾರಣ ಬೇಕೆ? ತಗೊಳ್ಳಿ.

2023ರಲ್ಲಿ ರಾಜ್ಯದ ಫಲಿತಾಂಶ ಶೇ 83.89. ಮರುವರ್ಷ ಪರೀಕ್ಷಾ ಕೊಠಡಿಗೆ ವೆಬ್‌ಕಾಸ್ಟಿಂಗ್ ಕ್ಯಾಮೆರಾ ಬಂತು. ಕೃಪಾಂಕ ಸುರಿದರೂ 73.40ಕ್ಕೆ ಇಳಿಯಿತು. 2025ರಲ್ಲಿ ಹೆಚ್ಚುವರಿ ಕೃಪಾಂಕವೂ ನಿಂತಿತು: 62.34. ನಮ್ಮ ಪಕ್ಕದ ಕಲಬುರಗಿ 42.43ರೊಂದಿಗೆ ಕಟ್ಟಕಡೆಗೆ. ಅಷ್ಟು ವರ್ಷ ಸುಳ್ಳು ಅಂಕಿ ನೋಡಿ ಬೆನ್ನು ತಟ್ಟಿಕೊಂಡವರೇ ಈಗ ‘ಆ ಕಡೆಯ ಮಾಸ್ತರರು ಪಾಠ ಮಾಡಲ್ಲ’ ಎನ್ನುತ್ತಿದ್ದಾರೆ.

ನಮ್ಮ ಬಸವಕಲ್ಯಾಣ ತಾಲ್ಲೂಕಿನ ಮುಡಬಿ ಸುತ್ತಿನ ತಾಂಡಾಗಳಿಗೆ ಬಂದು ನೋಡಿ. ದೀಪಾವಳಿ ಮುಗಿಯುತ್ತಲೇ ಪುಣೆ, ಮುಂಬೈ, ಹೈದರಾಬಾದಿಗೆ ಗುಳೆ. ಅಪ್ಪ-ಅವ್ವನ ಹಿಂದೆ ಮಗುವೂ ಹೊರಡುತ್ತದೆ. ಅದನ್ನು ಅಜ್ಜಿಯ ಬಳಿಯೋ ಋತುಮಾನ ಹಾಸ್ಟೆಲಿನಲ್ಲೋ ಬಿಟ್ಟುಹೋಗಿ ಎಂದು ಬಾಗಿಲಿಗೆ ಹೋಗಿ ಕೈಮುಗಿದು ಕೇಳಬೇಕಾದವರು ಹೆಡ್‌ಮಾಸ್ತರರು. ಇದು ಸುತ್ತೋಲೆಯಿಂದ ಆಗುವ ಕೆಲಸವಲ್ಲ, ಮಗುವಿನ ಹೆಸರು, ಮನೆಯ ಕಷ್ಟ ಎರಡೂ ಗೊತ್ತಿರಬೇಕು. 2025ರ ಅಕ್ಟೋಬರಿನಲ್ಲಿ ಆ ಮಾಸ್ತರರು ಎಲ್ಲಿದ್ದರು? ಕರೆಂಟ್ ಮೀಟರಿನ ಆರ್‌ಆರ್ ನಂಬರ್ ಹಿಡಿದು ಸರ್ಕಾರದ ಜಾತಿ ಸಮೀಕ್ಷೆಗೆ ಮನೆ ಹುಡುಕುತ್ತಿದ್ದರು. ಅದಕ್ಕಾಗಿ ದಸರಾ ರಜೆಯನ್ನೇ 18ರವರೆಗೆ ಎಳೆದು ಶಾಲೆಗೆ ಬೀಗ ಹಾಕಿಸಿದರು. ಎರಡೇ ದಿನಕ್ಕೆ ದೀಪಾವಳಿ! ಆ ಬೀಗ ಹಾಕಿಸಿದವರಿಗೆ ನೋಟಿಸು ಹೋಯಿತೇ?

ಸಮೀಕ್ಷೆ ಬೇಡವೆನ್ನುತ್ತಿಲ್ಲ. ಅದಕ್ಕೆ ಮಾಸ್ತರರೇ ಬೇಕಿತ್ತೇ?

ಉಳಿದ ದಿನವಾದರೂ ಶಾಲೆಯಲ್ಲಿರಲು ಬಿಡುತ್ತಾರೆಯೇ? ಮೊಟ್ಟೆ ಲೆಕ್ಕ, ಹಾಲಿನ ಪುಡಿ ಲೆಕ್ಕ, ಎಸ್‌ಎಟಿಎಸ್ ಎಂಟ್ರಿ, ಬಿಎಲ್‌ಒ ಕೆಲಸ. ಎಷ್ಟೋ ಕಡೆ ಹೆಡ್‌ಮಾಸ್ತರರೇ ಇಲ್ಲ, ಪಾಠದ ಜೊತೆಗೆ ‘ಪ್ರಭಾರ’ ಹೊತ್ತ ಸಹಶಿಕ್ಷಕರಿದ್ದಾರೆ. ಇದರ ನಡುವೆ ‘ಮಕ್ಕಳಸ್ನೇಹಿ ಶಾಲೆ’ ತರಬೇತಿ: ಮಕ್ಕಳ ಜೊತೆ ಹೇಗಿರಬೇಕೆಂದು ಕಲಿಸಲು ಮಾಸ್ತರರನ್ನು ಮಕ್ಕಳಿಂದಲೇ ಬಿಡಿಸಿ ಕರೆದೊಯ್ಯುತ್ತಾರೆ. ತಿಂಗಳಿಗೆ 12 ಸಾವಿರದ ಅತಿಥಿ ಶಿಕ್ಷಕಿ, ಮಾರ್ಚ್ ನಂತರ ಕೆಲಸವಿದೆಯೋ ಇಲ್ಲವೋ ತಿಳಿಯದವಳು, ಅಷ್ಟರಲ್ಲಿ ಐದು ತರಗತಿ ಕೂಡಿಸಿಕೊಂಡು ಕೂತಿರುತ್ತಾಳೆ.

ನಮ್ಮ ಭಾಗಕ್ಕೆ ಯಾವಾಗಲೂ ಹೀಗೆಯೇ. 2013ರಲ್ಲಿ 371ಜೆ ಕೊಟ್ಟರು, 2019ರಲ್ಲಿ ಹೈದರಾಬಾದ್ ತೆಗೆದು ‘ಕಲ್ಯಾಣ’ ಅಂಟಿಸಿದರು. ಬಸವಕಲ್ಯಾಣದಲ್ಲಿ ನೂರಾರು ಕೋಟಿಯ ಅನುಭವ ಮಂಟಪ ಏಳುತ್ತಿದೆ, ಏಳಲಿ, ಸಂತೋಷ. ಹತ್ತಿರದ ಹಳ್ಳಿಯಲ್ಲಿ ಹೆಡ್‌ಮಾಸ್ತರರ ಕುರ್ಚಿ ಮಾತ್ರ ಖಾಲಿಯೇ ಇರಲಿ, ಅಲ್ಲವೇ?

ಬಿಇಒ, ಡಿಡಿಪಿಐ, ಸಚಿವರಲ್ಲಿ ಕೇಳುವುದು ಇಷ್ಟೇ: ಬರುವ ಜೂನಿನೊಳಗೆ ಪ್ರತಿ ಶಾಲೆಗೂ ಪೂರ್ಣಾವಧಿ ಹೆಡ್‌ಮಾಸ್ತರರನ್ನು ಕೊಡಿ, ಅಕ್ಟೋಬರಿನಿಂದ ಮಾರ್ಚ್‌ವರೆಗೆ ಅವರನ್ನು ಶಾಲೆಯಿಂದ ಎಬ್ಬಿಸಬೇಡಿ. ಅದೂ ಆಗದಿದ್ದರೆ ಮುಂದಿನ ಫಲಿತಾಂಶದ ಮೊದಲ ನೋಟಿಸನ್ನು ಇಲಾಖೆ ತನ್ನ ವಿಳಾಸಕ್ಕೇ ಬರೆದುಕೊಳ್ಳಲಿ.