ಕೆನೆ ಯಾರ ಪಾಲು?

ಹೋದ ತಿಂಗಳು ಗುರುಗುಂಟಾದ ನಮ್ಮ ಮನೆಯಲ್ಲಿ ಕನ್ನಡ ಸಂಸ್ಕೃತಿ ಹಾಳಾಯಿತು. ಹಾಳು ಮಾಡಿದವಳು ನಮ್ಮವ್ವ. ವಯಸ್ಸು 62, ಓದಿದ್ದು ನಾಲ್ಕನೇ ತರಗತಿ. ಬಳಸಿದ ಸಾಮಾನು: ಅರ್ಧ ಹೂಕೋಸು, ಎರಡು ಗಜ್ಜರಿ, ಒಂದು ಹಿಡಿ ಬಟಾಣಿ, ಹದಿನೈದು ಗೋಡಂಬಿ, ಮೂರು ದಿನದ ಕೆನೆ.

ಅವತ್ತೇ ದೊಡ್ಡಪ್ಪನ ಮಗ ಬೆಂಗಳೂರಿನಿಂದ ಬಂದಿದ್ದ. ನನಗೆ ಅಣ್ಣ, ಒಳ್ಳೆಯವ, ಆಗಾಗ ಬರೆಯುತ್ತಾನೆ ಕೂಡ. ತಾಟಿನಲ್ಲಿದ್ದ ಬಿಳಿ ಪಲ್ಯ ನೋಡಿ ಅವನ ಮುಖ ಸಣ್ಣಗಾಯಿತು. "ಏನ್ ಚಿಗವ್ವ, ನಮ್ಮೂರಿಗೂ ಬಂತಾ ಈ ನಾರ್ತ್ ಇಂಡಿಯನ್ ಗ್ರೇವಿ? ಬಿಸಿ ರೊಟ್ಟಿ, ಪುಂಡಿಪಲ್ಯ ತಿನ್ನೂನು ಅಂತ ರಾತ್ರಿಯೆಲ್ಲ ಬಸ್ಸಿನ್ಯಾಗ ಕುಂತು ಬಂದೀನಿ" ಅಂದ. ಅವ್ವ ಏನೂ ಅನ್ನಲಿಲ್ಲ. ಎದ್ದು ಹೋಗಿ ಹಂಚು ಇಟ್ಟು ಅವನಿಗೆ ನಾಲ್ಕು ರೊಟ್ಟಿ ಬಡಿದು ತಂದಳು. ಆ ರೊಟ್ಟಿಯ ಫೋಟೊ ಹಾಕಿ, ಕಣ್ಮರೆಯಾಗುತ್ತಿರುವ ನಮ್ಮ ಆಹಾರದ ಬಗ್ಗೆ ಅವನು ಅವತ್ತು ರಾತ್ರಿಯೇ ಫೇಸ್‌ಬುಕ್‌ನಲ್ಲಿ ಬರೆದ. ಬಹಳ ಜನ ಮೆಚ್ಚಿದರು. ಅವ್ವನ ಬಟ್ಟಲಿನ ಪಲ್ಯ ಅಷ್ಟೊತ್ತಿಗೆ ಆರಿ ಹೋಗಿತ್ತು.

ಜಗಳ ಅವನೊಬ್ಬನ ಮೇಲಲ್ಲ. ಇಂಥ ಬರಹಗಳನ್ನು ನೀವೂ ಓದಿದ್ದೀರಿ, ನಾನೂ ಓದಿ ಕಣ್ಣು ಒದ್ದೆ ಮಾಡಿಕೊಂಡಿದ್ದೇನೆ. ಅಜ್ಜಿ, ಕಟ್ಟಿಗೆ ಒಲೆ, ಹೊಗೆ, ರೊಟ್ಟಿ ಬಡಿಯುವ ಸಪ್ಪಳ, ಬೆಣ್ಣೆ ಮುದ್ದೆ. ಆ ಬರಹಗಳಲ್ಲಿ ರೊಟ್ಟಿಗೆ ಪರಿಮಳವಿರುತ್ತದೆ, ಬಡಿಯುವವಳಿಗೆ ಕೈ ಮಾತ್ರ ಇರುತ್ತದೆ. ಆ ಕೈ ಯಾವತ್ತೂ ನೋಯುವುದಿಲ್ಲ, ಮತ್ತು ಅದಕ್ಕೆ ಯಾವತ್ತೂ ಬೇರೇನಾದರೂ ಮಾಡಿ ನೋಡೋಣ ಅನ್ನಿಸುವುದಿಲ್ಲ.

ಲೆಕ್ಕ ಹೇಳುತ್ತೇನೆ. ನಾನು ಸಣ್ಣವಳಿದ್ದಾಗ ಮನೆಯಲ್ಲಿ ಒಂಬತ್ತು ಜನ. ದಿನಕ್ಕೆ ಮೂವತ್ತು ರೊಟ್ಟಿ ಅಂದರೂ ವರ್ಷಕ್ಕೆ ಹನ್ನೊಂದು ಸಾವಿರದ ಹತ್ತಿರ. ಜೋಳದ ಹಿಟ್ಟಿಗೆ ಗೋಧಿ ಹಿಟ್ಟಿನ ಹಾಗೆ ಅಂಟು ಇಲ್ಲ. ಅದಕ್ಕೇ ಕುದಿಯುವ ನೀರು ಹಾಕಿ, ಬಿಸಿ ಇರುವಾಗಲೇ ನಾದಿ, ಬಡಿದು ಬಡಿದು ಅಗಲ ಮಾಡಬೇಕು. ಹಂಚಿನ ಮೇಲೆ ಹಾಕಿ ನೀರು ಹಚ್ಚುವಾಗ ಏಳುವ ಉಗಿ ಸೀದಾ ಮಣಿಕಟ್ಟಿಗೆ ಬಡಿಯುತ್ತದೆ. ಅವ್ವನ ಬಲಗೈಯ ಆ ಜಾಗದಲ್ಲಿ ಕೂದಲು ಇಲ್ಲ. ಈಗ ಬೆಳಿಗ್ಗೆ ಎದ್ದ ಕೂಡಲೇ ಮುಷ್ಟಿ ಕಟ್ಟಲಿಕ್ಕೂ ಆಗುವುದಿಲ್ಲ. ಇದನ್ನು ಯಾರ ಫೋಟೊದಲ್ಲೂ ನಾನು ಕಂಡಿಲ್ಲ.

ಇನ್ನು ಕೆನೆಯ ವಿಚಾರ. ಇದು ನನಗೆ ರೊಟ್ಟಿಗಿಂತ ದೊಡ್ಡದು.

ನಮ್ಮ ಮನೆಯಲ್ಲಿ ಒಂದು ಎಮ್ಮೆ ಇತ್ತು. ಹಾಲು ಕಾಸಿ ಆರಿದ ಮೇಲೆ ಮೇಲೆ ಕಟ್ಟುವ ಕೆನೆಯನ್ನು ಅವ್ವ ಒಂದು ಗಡಿಗೆಗೆ ಎತ್ತಿಡುತ್ತಿದ್ದಳು. ವಾರಕ್ಕೊಮ್ಮೆ ಕಡೆದರೆ ಬೆಣ್ಣೆ, ಕಾಸಿದರೆ ತುಪ್ಪ. ತುಪ್ಪ ಹೋಗುತ್ತಿದ್ದುದು ಅಜ್ಜನಿಗೆ, ಅಪ್ಪನಿಗೆ, ತಮ್ಮನಿಗೆ, ಅಮರೇಶ್ವರ ಜಾತ್ರೆಗೆ ಬಂದ ಬೀಗರಿಗೆ. ಉಳಿದರೆ ಮಾರಾಟಕ್ಕೆ. ಹೆಣ್ಣುಮಕ್ಕಳಾದ ನಮಗೆ ಸಿಗುತ್ತಿದ್ದುದು ತುಪ್ಪ ಕಾಸಿದ ತಳದ ಗಸಿ, ಅದಕ್ಕೆ ಸಕ್ಕರೆ ಹಾಕಿ ಕೊಡುತ್ತಿದ್ದಳು. ನಾನು ಒಂದು ದಿನ ಬೆರಳದ್ದಿ ಕೆನೆ ನೆಕ್ಕಿದ್ದಕ್ಕೆ ಅಜ್ಜಿ ಕೈ ಮೇಲೆ ಹೊಡೆದಿದ್ದಳು. "ಹೆಣ್ಣ ಹುಡುಗಿಗೆ ಕೆನಿ ಯಾಕ? ರುಚಿ ಹತ್ತಿದ್ರ ಕೊಟ್ಟ ಮನ್ಯಾಗ ಮರ್ಯಾದಿ ಉಳಿತೈತೇನು?" ಅಜ್ಜಿ ಕೆಟ್ಟವಳಲ್ಲ. ಅವಳಿಗೂ ಯಾರೋ ಹಾಗೆಯೇ ಹೊಡೆದಿದ್ದರು. ಎಮ್ಮೆಯೇ ಇಲ್ಲದ ಮನೆಗಳು ನಮ್ಮ ಓಣಿಯಲ್ಲಿ ಎಷ್ಟೋ ಇದ್ದವು. ಅವರು ಮಜ್ಜಿಗೆ ಕೇಳಿಕೊಂಡು ಬರುತ್ತಿದ್ದರು, ಅದರಲ್ಲೂ ಕೆಲವರಿಗೆ ಮೇಲಿಂದ ಸುರಿಯುತ್ತಿದ್ದರು, ಪಾತ್ರೆಗೆ ಪಾತ್ರೆ ತಾಗದ ಹಾಗೆ. ನಮ್ಮ ಹಳೆಯ ಒಳ್ಳೆಯ ಊಟದ ಪಟ್ಟಿಯಲ್ಲಿ ಇದನ್ನೂ ಸೇರಿಸಿಕೊಳ್ಳಬೇಕಾಗುತ್ತದೆ.

ಆ ಕೆನೆಯನ್ನು ನಮ್ಮವ್ವ 62ನೇ ವಯಸ್ಸಿನಲ್ಲಿ, ತುಪ್ಪಕ್ಕೆ ಇಡದೆ, ಯಾರಿಗೂ ಎತ್ತಿಡದೆ, ಒಂದು ಬಟ್ಟಲು ತುಂಬ ಬಾಣಲೆಗೆ ಸುರಿದಳು. ಇದನ್ನು ಉತ್ತರ ಭಾರತದ ದಾಳಿ ಅಂತ ಕರೆಯುವವರಿಗೆ ಆ ಮನೆಯ ಒಳಗಿನ ಇತಿಹಾಸ ಗೊತ್ತಿಲ್ಲ.

ದಾಳಿಯ ಮಾತು ಬಂತು. ಯಾರ ದಾಳಿ? ಈ ಬಗೆಯ ಅಡುಗೆಗೆ ದೇಶದಲ್ಲೆಲ್ಲ ಹೆಸರು ತಂದದ್ದು ದಿಲ್ಲಿಯ ದರಿಯಾಗಂಜಿನ ಮೋತಿ ಮಹಲ್. ಅದನ್ನು ಕಟ್ಟಿದವರು 1947ರ ವಿಭಜನೆಯಲ್ಲಿ ಪೇಶಾವರ ಬಿಟ್ಟು ಬಂದ ನಿರಾಶ್ರಿತರು. ತಂದೂರಿನ ಕೋಳಿ ಒಣಗಿ ಹೋಗದಿರಲಿ ಎಂದು ಟೊಮ್ಯಾಟೊ, ಬೆಣ್ಣೆ, ಕೆನೆ ಸೇರಿಸಿದರು ಎನ್ನುವುದು ಕಥೆ. ಅದನ್ನು ಮೊದಲು ಮಾಡಿದವರು ಯಾರು ಎಂಬ ಜಗಳ 2024ರಲ್ಲಿ ದಿಲ್ಲಿ ಹೈಕೋರ್ಟಿನ ಮೆಟ್ಟಿಲನ್ನೂ ಹತ್ತಿತು. ಕೋಳಿಯ ಜಾಗಕ್ಕೆ ಪನ್ನೀರು ಬಂತು. ಮನೆ ಮಠ ಕಳೆದುಕೊಂಡವರು ಬದುಕಲಿಕ್ಕೆ ನೆಚ್ಚಿಕೊಂಡ ಅಡುಗೆ ಇದು. ಪಂಜಾಬಿನ ಮನೆಗಳಲ್ಲೇ ಇದು ದಿನದ ಊಟವಲ್ಲ. ಅಲ್ಲಿಯೂ ಬೇಳೆ, ಸೊಪ್ಪು, ಕಡಿ, ರೊಟ್ಟಿ. ನಾವು "ಉತ್ತರ ಭಾರತದ ಊಟ" ಎನ್ನುವುದು ಹೋಟೆಲಿನವರು ಇಟ್ಟ ಹೆಸರು. ಬೆಂಗಳೂರಿನ ಖಾನಾವಳಿಗಳಲ್ಲಿ "ಉತ್ತರ ಕರ್ನಾಟಕದ ಊಟ" ಎಂಬ ಫಲಕದ ಕೆಳಗೆ ನಮ್ಮ ರೊಟ್ಟಿಯನ್ನು ಮಾರುವುದೂ ಅದೇ ವ್ಯಾಪಾರವೇ. ಅಣ್ಣ ಅಲ್ಲಿ ದುಡ್ಡು ಕೊಟ್ಟು ತಿನ್ನುವಾಗ ಅದು ಪರಂಪರೆ, ಅವ್ವ ಇಲ್ಲಿ ಕುರ್ಮ ಮಾಡಿದರೆ ಅದು ಅನುಕರಣೆ.

ಇನ್ನು "ನಮ್ಮದು" ಎನ್ನುವುದರ ಜನ್ಮಪತ್ರ. ಜೋಳ ಆಫ್ರಿಕದ ಬೆಳೆ. ಶೇಂಗಾ, ಮೆಣಸಿನಕಾಯಿ, ಟೊಮ್ಯಾಟೊ, ಗೋಡಂಬಿ ನಾಲ್ಕೂ ಅಮೆರಿಕ ಖಂಡದಿಂದ ಹಡಗಿನಲ್ಲಿ ಬಂದವು. ಶೇಂಗಾ ಹಿಂಡಿಗೆ ಕಣ್ಣೀರು ಹಾಕಿ ಗೋಡಂಬಿಗೆ ಮುಖ ಗಂಟಿಕ್ಕುವುದು ಯಾವ ನ್ಯಾಯ?

ಇಲ್ಲಿ ನನ್ನ ಪರವಾಗಿ ಒಂದು ಸುಲಭದ ವಾದವಿದೆ. ನಮ್ಮದೇ ಕಲ್ಯಾಣದಿಂದ ಆಳಿದ ಚಾಲುಕ್ಯ ದೊರೆ ಮೂರನೇ ಸೋಮೇಶ್ವರನ 12ನೇ ಶತಮಾನದ ಮಾನಸೋಲ್ಲಾಸದಲ್ಲಿ, ಕಾಸಿದ ಹಾಲನ್ನು ಹುಳಿ ಬೆರೆಸಿ ಒಡೆಸಿ, ಬಟ್ಟೆಯಲ್ಲಿ ಸೋಸಿ, ಆ ಗಟ್ಟಿಯಿಂದ ಸಿಹಿ ತಿನಿಸು ಮಾಡುವ ಕ್ರಮವಿದೆ. ನೋಡಿ, ಪನ್ನೀರಿನಂಥದು ನಮ್ಮಲ್ಲೇ ಇತ್ತು ಎಂದು ಎದೆ ತಟ್ಟಿಕೊಳ್ಳಬಹುದು. ನನಗೆ ಮನಸ್ಸಿಲ್ಲ. ಆ ಅಡುಗೆಮನೆ ರಾಜನದು, ಆ ಗ್ರಂಥ ಸಂಸ್ಕೃತದ್ದು. ನನ್ನ ಅಜ್ಜಿಯ ಅಜ್ಜಿ ಆ ಹಾಲು ಕರೆದಿರಬಹುದು, ಕುಡಿದಿರಲಿಕ್ಕಿಲ್ಲ. ಅವ್ವ ಕೆನೆ ತಿನ್ನಲಿಕ್ಕೆ ಚಾಲುಕ್ಯರ ಅಪ್ಪಣೆ ಬೇಕಾಗಿಲ್ಲ.

ಹಾಗಾದರೆ ಜೋಳ ಹೋಗಲಿಲ್ಲವೇ? ಹೋಯಿತು. ಆದರೆ ಹೋದದ್ದು ಅವ್ವನ ಬಾಣಲೆಯಿಂದಲ್ಲ. 1953ರಲ್ಲಿ ತುಂಗಭದ್ರೆಯ ನೀರು ಕಾಲುವೆಗೆ ಬಂತು, ಎಡದಂಡೆಯ ಸಿಂಧನೂರು ಸೀಮೆ ನೋಡನೋಡುತ್ತ ಭತ್ತದ ಗದ್ದೆಯಾಯಿತು. ಆಮೇಲೆ ರೇಷನ್ ಅಕ್ಕಿ. 2013ರ ಅನ್ನಭಾಗ್ಯ ಎಷ್ಟೋ ಮನೆಗಳ ಹಸಿವು ನೀಗಿಸಿತು, ಅದರ ಬಗ್ಗೆ ನನ್ನ ತಕರಾರಿಲ್ಲ. ಆದರೆ ಜೋಳದಿಂದ ಅನ್ನಕ್ಕೆ ತಿರುಗಿದ ಈ ದೊಡ್ಡ ಪಲ್ಲಟಕ್ಕೆ ಕಾಲುವೆ, ಬೆಲೆ, ಸರ್ಕಾರ ಕಾರಣ. ಅವುಗಳ ಮೇಲೆ ಬರೆಯಬೇಕಾದರೆ ಅಂಕಿ ಅಂಶ ಹುಡುಕಬೇಕು, ರೈತರನ್ನು ಕೇಳಬೇಕು. ಹೆಂಗಸಿನ ಒಲೆಯ ಮೇಲೆ ಬರೆಯಲಿಕ್ಕೆ ಒಂದು ಫೋಟೊ ಸಾಕು.

ಮದುವೆ ಮಂಟಪಗಳ ಕೆಂಪು ಗ್ರೇವಿಯ ಪರವಾಗಿ ನಾನು ಮಾತಾಡುತ್ತಿಲ್ಲ, ಅದೂ ಸ್ಪಷ್ಟವಾಗಲಿ. ಒಂದೇ ಟೊಮ್ಯಾಟೊ ರಸ, ಒಂದೇ ಎಣ್ಣೆ, ಅದರಲ್ಲಿ ಪನ್ನೀರು ಬಿದ್ದರೆ ಬಟರ್ ಮಸಾಲ, ಉಂಡೆ ಬಿದ್ದರೆ ಕೋಫ್ತಾ. ಬಣ್ಣ ಸುರಿಯುವುದು ಎಲ್ಲಿಗೆ ಮುಟ್ಟಿತೆಂದರೆ 2024ರ ಮಾರ್ಚ್‌ನಲ್ಲಿ ನಮ್ಮ ಸರ್ಕಾರ ಗೋಬಿ ಮಂಚೂರಿಗೆ ಕೃತಕ ಬಣ್ಣ ಹಾಕುವುದನ್ನೇ ನಿಷೇಧಿಸಬೇಕಾಯಿತು. ಹತ್ತಿರದ ಪಟ್ಟಣದ ಒಂದು ಹೋಟೆಲಿನಲ್ಲಿ ನಾವು ಮೊದಲ ಸಲ ತಿಂದ ನವರತ್ನ ಕುರ್ಮ ಎಷ್ಟು ಸಿಹಿಯಾಗಿತ್ತೆಂದರೆ ಅಪ್ಪ ಅದನ್ನು ಪಾಯಸ ಎಂದುಕೊಂಡು ಕೊನೆಗೆ ತಿಂದ. ಅವ್ವ ಮಾತ್ರ ಎರಡು ಸಲ ಬಾಯಾಡಿಸಿ, "ಇದರಾಗ ಕೆನಿ ಐತಿ" ಅಂದಳು. ಆಮೇಲೆ ಸಣ್ಣಗೆ, "ಮನ್ಯಾಗ ಮಾಡಿದ್ರ ಇನ್ನೂ ಚಂದ ಆಕ್ಕೈತಿ." ಆ ಮಾತು ಆಡಿ ನಾಲ್ಕು ವರ್ಷ ಸುಮ್ಮನಿದ್ದಳು. ಎಮ್ಮೆ ಮಾರಿದ ಮೇಲೆ, ಅಪ್ಪ ತೀರಿದ ಮೇಲೆ, ಸೊಸೆಯ ಫೋನಿನಲ್ಲಿ ಒಂದು ವಿಡಿಯೊ ನೋಡಿ ಕೇಳಿದಳು, "ಮಾಡೂನೇನು?"

ವಿಡಿಯೊದವಳು ಹೇಳಿದ್ದಕ್ಕೆಲ್ಲ ಅವ್ವ ತಲೆ ಆಡಿಸಲಿಲ್ಲ. ಉಳ್ಳಾಗಡ್ಡಿ ಕೆಂಪಗೆ ಹುರಿಯಬಾರದು, ನೀರಿನಲ್ಲಿ ಗೋಡಂಬಿಯ ಜೊತೆ ಬೇಯಿಸಿ ಅರೆಯಬೇಕು, ಆಗ ಬಣ್ಣ ಬಿಳಿಯಾಗಿ ಉಳಿಯುತ್ತದೆ ಎಂದದ್ದಕ್ಕೆ ಒಪ್ಪಿದಳು. ಗೋಡಂಬಿ ಹದಿನೈದೇ ಇದ್ದವು, ಸಾಲದು ಅಂತ ಸಿಪ್ಪೆ ತೆಗೆದ ಒಂದು ಹಿಡಿ ಶೇಂಗಾ, ಎರಡು ಚಮಚ ಬಿಳಿ ಎಳ್ಳು ಕೂಡಿಸಿದಳು. ಇದು ಎಣ್ಣೆಗಾಯಿಯ ವಿದ್ಯೆ. ಬದನೆಕಾಯಿಯ ಹೊಟ್ಟೆಗೆ ಶೇಂಗಾ, ಎಳ್ಳು, ಒಣಕೊಬ್ಬರಿ, ಹುಣಸೆ ತುಂಬಿ ದಪ್ಪ ರಸ ಮಾಡುವವರಿಗೆ ಗ್ರೇವಿ ಅಂದರೇನೆಂದು ಯಾರೂ ಕಲಿಸಬೇಕಾಗಿಲ್ಲ. ಹೈದರಾಬಾದಿನ ಬಗಾರಾ ಬೈಂಗನ್ ಕೂಡ ಅದೇ ಶೇಂಗಾ, ಎಳ್ಳು, ಕೊಬ್ಬರಿ, ಹುಣಸೆಯದು. ನಾವು 1948ರವರೆಗೆ ನಿಜಾಮನ ಸೀಮೆಯವರು, ಯಾರು ಯಾರಿಂದ ಕಲಿತರೋ ನಾನು ಪಂಚಾಯ್ತಿ ಮಾಡುವುದಿಲ್ಲ.

ತರಕಾರಿ ಬೇರೆ ಬೇಯಿಸಿದಳು, ಹೂಕೋಸು ಕರಗದ ಹಾಗೆ. ಎಣ್ಣೆಗೆ ಏಲಕ್ಕಿ, ಲವಂಗ, ಚಕ್ಕೆ, ಸೀಳಿದ ಹಸಿಮೆಣಸಿನಕಾಯಿ. ಅರೆದದ್ದನ್ನು ಹಾಕಿ ಸಣ್ಣ ಉರಿಯಲ್ಲಿ ಎಣ್ಣೆ ಬಿಡುವ ತನಕ ತಿರುವಿದಳು. ಶೇಂಗಾ ತಳ ಹಿಡಿಯುತ್ತದೆ, ಕೈ ಬಿಡುವ ಹಾಗಿಲ್ಲ. ಟೊಮ್ಯಾಟೊ ಬೇಡವೆಂದಳು. ಕಾರಣ ಕೇಳಿದರೆ, "ಹುಳಿ ಬಿದ್ದು ಕುದ್ರ ಹಾಲು ಒಡಿತೈತಿ, ಅಷ್ಟು ತಿಳಿಯಂಗಿಲ್ಲೇನು?" ಕಡೆಗೆ ಒಲೆ ಆರಿಸಿ, ಕೆನೆಯನ್ನು ಕಡೆಗೋಲಿನಿಂದ ಗಂಟಿಲ್ಲದ ಹಾಗೆ ಕಡೆದು, ಅದಕ್ಕೆ ಒಂದು ಸೌಟು ಬಿಸಿ ರಸ ಬೆರೆಸಿಕೊಂಡು, ನಂತರ ಬಾಣಲೆಗೆ ಸುರಿದಳು. ತಣ್ಣಗಿನ ಕೆನೆಯನ್ನು ಕುದಿಯುವುದಕ್ಕೆ ಒಮ್ಮೆಲೇ ಸುರಿಯಬಾರದು ಎಂದು ವಿಡಿಯೊದಲ್ಲಿ ಇರಲಿಲ್ಲ. ಕಸೂರಿ ಮೇಥಿ ಅಂತ ಪೊಟ್ಟಣ ತಂದಿದ್ದೆ. ಮೂಸಿ ನೋಡಿ, "ಇದು ನಮ್ಮ ಮೆಂತೆ ಒಣಗಿಸಿದ್ದು, ಇದಕ್ಕ ರೊಕ್ಕ ಕೊಟ್ಟೇನು?" ಎಂದು ನನ್ನನ್ನು ಬೈದು, ತಿಕ್ಕಿ ಉದುರಿಸಿದಳು. ಸಕ್ಕರೆಯನ್ನು ಮುಟ್ಟಲಿಲ್ಲ.

ಅಂಗಡಿಯ ಕ್ರೀಮು, ಪೊಟ್ಟಣದ ಮಸಾಲೆ, ಅಳತೆ ಚಮಚಗಳೊಂದಿಗೆ ಇದನ್ನು ಮಾಡುವ ನಗರದ ಸ್ನೇಹಿತೆಯರಿಗೂ ಒಂದು ಮಾತು. ಹೋಟೆಲಿನ ಹಾಗೆ ಆಗಲಿಲ್ಲ ಎಂದು ಕೊರಗುತ್ತೀರಿ. ಆಗಬಾರದು. ಹೋಟೆಲಿನವನು ನಲವತ್ತು ತಾಟಿಗೆ ಒಂದೇ ರಸ ಕುದಿಸುತ್ತಾನೆ, ಎದುರಿಗಿರುವವರ ನಾಲಗೆ ಅವನಿಗೆ ಗೊತ್ತಿರುವುದಿಲ್ಲ, ಅದಕ್ಕೇ ಬೆಣ್ಣೆಯಲ್ಲೂ ಸಕ್ಕರೆಯಲ್ಲೂ ಎಲ್ಲವನ್ನೂ ಮುಚ್ಚುತ್ತಾನೆ. ಮನೆಯಲ್ಲಿ ಮುಚ್ಚಬೇಕಾದದ್ದೇನಿದೆ?

ಅಣ್ಣನ ಬರಹಕ್ಕೆ ಉತ್ತರವಾಗಿ ಇಷ್ಟನ್ನೂ ಅಲ್ಲಿಯೇ ಬರೆಯಬಹುದಿತ್ತು. ಮನೆಯ ಮಾತು, ಮುಖ ಕೆಡುತ್ತದೆ ಎಂದು ಸುಮ್ಮನಾದೆ. ಮೊನ್ನೆ ಅವನೇ ಫೋನ್ ಮಾಡಿದ್ದ. ಪತ್ರಿಕೆಯೊಂದಕ್ಕೆ ರೊಟ್ಟಿಯ ಬಗ್ಗೆ ಉದ್ದನೆಯ ಲೇಖನ ಬರೆಯುತ್ತಾನಂತೆ, ಚಿಗವ್ವನನ್ನು ಮಾತಾಡಿಸಬೇಕಂತೆ. ಅವ್ವನಿಗೆ ಕೊಟ್ಟೆ. ಹಿಟ್ಟು, ನೀರು, ಉರಿ ಎಲ್ಲ ಕೇಳಿದ. ಅವಳು ಎಲ್ಲಕ್ಕೂ ಉತ್ತರ ಹೇಳಿದಳು, ಕಡೆಗೆ ತಾನೇ ಕೇಳಿದಳು:

"ಬರೂ ತಿಂಗಳು ಬಾರಪ್ಪ. ಹಿಟ್ಟು ಬೀಸಿಸಿ ಇಟ್ಟಿರ್ತೀನಿ. ರೊಟ್ಟಿ ನೀ ಬಡಿ, ಬಿಳಿ ಪಲ್ಯ ನಾ ಮಾಡ್ತೀನಿ. ಹೋದ ಸಲ ನೀ ಅದನ್ನ ಬಾಯಿಗೇ ಹಚ್ಚಲಿಲ್ಲ."

ಅವನು ನಕ್ಕ. ಬರುತ್ತೇನೆಂದೂ ಹೇಳಲಿಲ್ಲ, ಇಲ್ಲವೆಂದೂ ಹೇಳಲಿಲ್ಲ. ಅವ್ವ ಫೋನು ನನ್ನ ಕೈಗೆ ಕೊಟ್ಟು ಕೆನೆಯ ಗಡಿಗೆ ನೋಡಲಿಕ್ಕೆ ಒಳಗೆ ಹೋದಳು.