ಊರಿಗೆ ಬಂದವರು ನೀರಿಗೂ ಬರಲಿ

‘ಊರಿಗೆ ಬಂದವಳು ನೀರಿಗೆ ಬಾರದಿರುತ್ತಾಳೆಯೇ’ ಎಂದು ನಮ್ಮ ಹಿರಿಯರು ಕೇಳುತ್ತಿದ್ದರು. ಬಾರದೆಯೂ ಇರಬಹುದು, ವರ್ಷಗಟ್ಟಲೆ ಇರಬಹುದು ಎಂಬುದಕ್ಕೆ ಮೆಕ್ಸಿಕೋ ದೇಶದ ನಾವಾಟ್ಲ್ ಹಳ್ಳಿಗಳೇ ಸಾಕ್ಷಿ. ಅಲ್ಲಿ ನೆಲೆಸುವ ಹೊರಗಿನ ಅಧ್ಯಾಪಕ, ವೈದ್ಯ, ವ್ಯಾಪಾರಿ, ಸರಕಾರಿ ನೌಕರ ಇವರಲ್ಲಿ ಹೆಚ್ಚಿನವರು ಊರಿನ ಮನೆಯಲ್ಲಿ ವಾಸಿಸುತ್ತಾರೆ, ಊರಿನ ಅನ್ನ ತಿನ್ನುತ್ತಾರೆ. ಆದರೆ ಊರಿನ ಮಾತನ್ನು ಮಾತ್ರ ಕಲಿಯುವುದಿಲ್ಲ. ‘ಇವರಿಗೆಲ್ಲ ಸ್ಪ್ಯಾನಿಷ್ ಬರುತ್ತದಲ್ಲ’ ಎಂಬುದು ಅವರ ಸಮಾಧಾನ. ಈ ಸಮಾಧಾನ ಸುಳ್ಳು, ಅನ್ಯಾಯದ್ದು ಕೂಡ ಎಂಬುದು ನನ್ನ ವಾದ.

ನಾವಾಟ್ಲ್ ಎಂದರೆ ಯಾವುದೋ ಸತ್ತ ಭಾಷೆಯಲ್ಲ. ಅಜ್ಟೆಕರ ಆ ನುಡಿಯನ್ನು 2020ರ ಜನಗಣತಿಯ ಪ್ರಕಾರ ಸುಮಾರು 16.5 ಲಕ್ಷ ಜನ ಆಡುತ್ತಾರೆ. ನಮ್ಮ ಅಡುಗೆಮನೆಯಲ್ಲೂ ಅದಿದೆ. ಟೊಮೆಟೊ, ಚಾಕೊಲೇಟ್, ಸಪೋಟ – ಇವೆಲ್ಲ ಆ ಭಾಷೆಯಿಂದ ಹೊರಟು ಸ್ಪ್ಯಾನಿಷ್ ದಾರಿಯಾಗಿ ಬಂದ ಪದಗಳು. ಪುಯೆಬ್ಲಾ, ವೆರಾಕ್ರೂಸ್, ಹಿಡಾಲ್ಗೊ, ಗೆರೆರೊ ರಾಜ್ಯಗಳ ಬೆಟ್ಟದ ಊರುಗಳಲ್ಲಿ ಅದು ಮನೆಮಾತು. ಹಲವೆಡೆ ಜನ ಅದನ್ನು ‘ಮೆಹಿಕಾನೊ’ ಎಂದೇ ಕರೆಯುತ್ತಾರೆ. ಹೊರಗಿನವನಿಗೂ ಅಲ್ಲೊಂದು ಹೆಸರಿದೆ – ‘ಕೊಯೊಟ್ಲ್’, ಅಂದರೆ ತೋಳದ ಜಾತಿಯ ಒಂದು ಪ್ರಾಣಿ. ಹೊರಗಿನವರು ತಮ್ಮನ್ನು ಕರೆದುಕೊಳ್ಳುತ್ತಿದ್ದುದೋ ‘ಹೆಂತೆ ದೆ ರಸೋನ್’, ಬುದ್ಧಿಯುಳ್ಳ ಜನ ಎಂದು! ಹಾಗಾದರೆ ಊರಿನವರು ಯಾರು? ಈ ಎರಡು ಹೆಸರುಗಳನ್ನು ಪಕ್ಕಪಕ್ಕ ಇಟ್ಟು ನೋಡಿದರೆ ಅಲ್ಲಿಯ ನಿತ್ಯಜೀವನದ ಅರ್ಧ ಕಥೆ ತಿಳಿದಂತೆ.

ಇನ್ನರ್ಧ ಕಥೆ ಬೆಳಗಿನಿಂದ ಸುರು. ಹಿಂದಿನ ದಿನ ಸುಣ್ಣದ ನೀರಿನಲ್ಲಿ ಬೇಯಿಸಿಟ್ಟ ಮೆಕ್ಕೆಜೋಳವನ್ನು ಹೆಂಗಸರು ಮಿಲ್ಲಿಗೆ ಒಯ್ಯುತ್ತಾರೆ. ಮಿಲ್ಲು ಬರುವ ಮೊದಲು ಮೂರು ಕಾಲಿನ ಅರೆಕಲ್ಲಿನ ಮುಂದೆ ಮಂಡಿಯೂರಿ ಅರೆಯಬೇಕಿತ್ತು. ದಾರಿಯಲ್ಲಿ ಎದುರಾದವರನ್ನು ಮಾತಾಡಿಸದೆ ಹೋಗುವುದು ಮರ್ಯಾದೆಯಲ್ಲ. ಮನೆಗೆ ಬಂದವನ ಮುಂದೆ ರೊಟ್ಟಿ ಇಟ್ಟರೆ ಬೇಡವೆನ್ನುವಂತಿಲ್ಲ. ಊರಿನ ರಸ್ತೆ, ಶಾಲೆ, ನೀರಿನ ಕೊಳವೆಯ ಕೆಲಸಕ್ಕೆ ಮನೆಗೊಬ್ಬರು ಕೂಲಿಯಿಲ್ಲದೆ ದುಡಿಯುವ ಪದ್ಧತಿಯೂ ಉಂಟು. ಮಗುವಿನ ಜ್ಞಾನಸ್ನಾನಕ್ಕೆ ಧರ್ಮಪಿತನಾದವನು ಆ ಮನೆಯ ನೆಂಟನೇ ಆಗಿಬಿಡುತ್ತಾನೆ. ಹೊರಗಿನವನಿಗೂ ಈ ಬಾಗಿಲುಗಳು ತೆರೆದಿವೆ. ಧರ್ಮಪಿತನಾಗು ಎಂದು ಅವನನ್ನೂ ಕೇಳುತ್ತಾರೆ. ಹಾಗಿರುವಾಗ ಅವನು ಹೊರಗೆ ಉಳಿಯುವುದು ಎಲ್ಲಿ? ಮಾತಿನಲ್ಲಿ.

ಅವನು ಕಾಲಿಟ್ಟೊಡನೆ ಮನೆಯವರು ಸ್ಪ್ಯಾನಿಷಿಗೆ ಹೊರಳುತ್ತಾರೆ. ಅದು ಅವರ ಸೌಜನ್ಯ. ಆದರೆ ಆ ಕ್ಷಣದಲ್ಲಿ ಸ್ಪ್ಯಾನಿಷ್ ಸರಿಯಾಗಿ ಬಾರದ ಅಜ್ಜಿ ತನ್ನ ಮನೆಯಲ್ಲೇ ಮೂಕಳಾಗುತ್ತಾಳೆ. ದೊಡ್ಡವರು ಬಂದಾಗ ಆಡುವ ಭಾಷೆ ಬೇರೆಯೇ ಎಂದು ಮಕ್ಕಳು ಕಲಿಯುತ್ತವೆ. ಹೊರಗಿನವನಿಗೂ ನಷ್ಟವಿದೆ. ನಾವಾಟ್ಲಿನಲ್ಲಿ ಗೌರವಕ್ಕೆ ಹಲವು ಮೆಟ್ಟಿಲುಗಳಿವೆ. ಹೆಸರಿಗೆ ‘ತ್ಸಿನ್’ ಸೇರುತ್ತದೆ, ಕ್ರಿಯಾಪದದ ರೂಪವೇ ಬದಲಾಗುತ್ತದೆ, ಧರ್ಮನೆಂಟರಿಗೆ ಎಲ್ಲಕ್ಕಿಂತ ಮೇಲಿನ ರೂಪ. ನಮ್ಮ ‘ಬಾ’, ‘ಬನ್ನಿ’, ‘ದಯಮಾಡಿಸಿ’ಗಳಿಗಿಂತಲೂ ಸೂಕ್ಷ್ಮವಾದ ವ್ಯವಸ್ಥೆ ಅದು. ಸ್ಪ್ಯಾನಿಷಿನಲ್ಲಿ ಅಷ್ಟು ಮೆಟ್ಟಿಲುಗಳಿಲ್ಲ. ಹತ್ತು ವರ್ಷ ಅಲ್ಲಿದ್ದರೂ ತನಗೆ ಊರು ಕೊಟ್ಟ ಸ್ಥಾನ ಯಾವುದೆಂದು ಅವನಿಗೆ ತಿಳಿಯುವುದೇ ಇಲ್ಲ. ನಗುಮುಖ ಕಂಡು ‘ಮುಗ್ಧ ಜನ’ ಎಂದು ಬರೆಯುತ್ತಾನೆ, ಅಷ್ಟೆ.

ವಿದ್ವಾಂಸರ ಕಥೆ ಬೇರೆಯೇ ಎನ್ನುವವರು ತೆಪೊಸ್ತ್ಲಾನ್ ಊರನ್ನು ನೋಡಲಿ. ರಾಬರ್ಟ್ ರೆಡ್‌ಫೀಲ್ಡ್ 1926–27ರಲ್ಲಿ ಅಲ್ಲಿ ಅಧ್ಯಯನ ನಡೆಸಿ 1930ರಲ್ಲಿ ಪುಸ್ತಕ ಬರೆದರು. ಅದರಲ್ಲಿ ಕಂಡದ್ದು ಹೊಂದಾಣಿಕೆಯ ಹಳ್ಳಿ. 1943ರಲ್ಲಿ ಅದೇ ಊರಿಗೆ ಹೋದ ಆಸ್ಕರ್ ಲೂಯಿಸರ 1951ರ ಪುಸ್ತಕದಲ್ಲಿ ಜಗಳ, ಬಡತನ, ಅಪನಂಬಿಕೆ. ಮುಂದೆ 1955ರಲ್ಲಿ ರೆಡ್‌ಫೀಲ್ಡರು ಕೊಟ್ಟ ಸಮಜಾಯಿಷಿ ಪ್ರಸಿದ್ಧ – ಈ ಜನರ ಸುಖವೇನೆಂದು ತಾವು ಕೇಳಿದೆವು, ಕಷ್ಟವೇನೆಂದು ಲೂಯಿಸ್ ಕೇಳಿದರು ಎಂಬ ಅರ್ಥದ್ದು. ಸರಿ, ಒಪ್ಪೋಣ. ಆದರೆ ಮೂರನೆಯ ಪ್ರಶ್ನೆಯೊಂದು ಉಳಿಯಿತಲ್ಲ? ನಾನು ಇಲ್ಲಿರುವುದರಿಂದ ಈ ಜನರಿಗೆ ಬೀಳುವ ಹೊರೆ ಏನು?

ಈ ಹೊರೆಯನ್ನು ಸರಕಾರವೇ ಹೊರಿಸಿದ ಕಾಲವೂ ಇತ್ತು. 1921ರಲ್ಲಿ ಮೆಕ್ಸಿಕೋದ ಶಿಕ್ಷಣ ಮಂತ್ರಾಲಯ ಹುಟ್ಟಿದ ಮೇಲೆ ಹಳ್ಳಿಹಳ್ಳಿಗೆ ಶಾಲೆ ಬಂತು. ಜತೆಗೆ ಸ್ಪ್ಯಾನಿಷ್ ಒಂದೇ ಸಾಕೆಂಬ ನೀತಿಯೂ ಬಂತು. 2003ರಲ್ಲಿ ಕಾನೂನು ತಿರುಗಿತು. ಮೂಲನಿವಾಸಿಗಳ ಭಾಷೆಗಳೂ ಸ್ಪ್ಯಾನಿಷಿನಂತೆ ರಾಷ್ಟ್ರಭಾಷೆಗಳೆಂದು ಸಾರಿತು. ಅಲ್ಲಿಯ ದ್ವಿಭಾಷಾ ಶಾಲೆಗಳ ಅಧ್ಯಾಪಕರು ಆ ಊರಿನ ಭಾಷೆಯನ್ನು ಆಡಲು, ಬರೆಯಲು ಬಲ್ಲವರಾಗಿರಬೇಕೆಂದೂ ಅದರ 13ನೆಯ ವಿಧಿ ಹೇಳುತ್ತದೆ. ಇಷ್ಟಾದರೂ ಬೇರೆ ಭಾಷೆಯ, ಬೇರೆ ಸೀಮೆಯ ಅಧ್ಯಾಪಕರನ್ನು ಆ ಊರುಗಳಿಗೆ ಹಾಕುವುದು ನಿಂತಿಲ್ಲ. ಕಾನೂನು ಕಡತದಲ್ಲಿದ್ದು, ತರಗತಿಯಲ್ಲಿ ಮಗು ಬಾಯಿಮುಚ್ಚಿ ಕೂತರೆ ಏನು ಪ್ರಯೋಜನ?

ವಯಸ್ಸಾದ ಮೇಲೆ ಭಾಷೆ ಕಲಿಯುವುದು ಕಷ್ಟ, ಎರಡು ವರ್ಷಕ್ಕೆ ವರ್ಗವಾಗುವವನಿಗೆ ಏಕೆ ಈ ಉಪದ್ವ್ಯಾಪ ಎನ್ನುವವರಿದ್ದಾರೆ. ನಿರರ್ಗಳವಾಗಿ ಮಾತಾಡಿ ಎಂದು ಯಾರು ಕೇಳಿದರು? ಬೆಳಗಿನ ನಮಸ್ಕಾರ, ಹೊಟ್ಟೆ ಎಲ್ಲಿ ನೋಯುತ್ತದೆ ಎಂಬ ಪ್ರಶ್ನೆ, ಮಗುವಿನ ಹೆಸರನ್ನು ಪ್ರೀತಿಯಿಂದ ಕರೆಯುವ ರೀತಿ – ಇಷ್ಟಕ್ಕೆ ಎರಡು ವರ್ಷ ಬೇಕೇ? ಊರಿನ ಮಾತಿಗೆ ಕಿವಿಗೊಟ್ಟರೆ ಫಲವೇನೆಂಬುದಕ್ಕೆ ಪುಯೆಬ್ಲಾದ ಸಾನ್ ಮಿಗೆಲ್ ತ್ಸಿನಾಕಪಾನ್ ಊರಿದೆ. 1970ರ ದಶಕದಲ್ಲಿ ಹೊರಗಿನ ಒಂದು ತಂಡ ಅಲ್ಲಿ ನೆಲೆಸಿ ಊರಿನವರೊಡನೆ ಕೆಲಸಕ್ಕಿಳಿಯಿತು. ಆ ಒಡನಾಟದಲ್ಲಿ ಊರಿನವರೇ ಮೌಖಿಕ ಪರಂಪರೆಯ ಕಮ್ಮಟ ನಡೆಸಿ, ಅಜ್ಜಂದಿರು ಹೇಳಿದ್ದನ್ನು ತಮ್ಮ ನುಡಿಯಲ್ಲೇ ಸಂಗ್ರಹಿಸಿದರು. 1994ರಲ್ಲಿ ಅದು ಎರಡು ಭಾಷೆಗಳಲ್ಲಿ ಪುಸ್ತಕವಾಯಿತು. ಎರಡು ಭಾಷೆಯ ಪುಟಗಳ ಬೆಲೆ ಈ ಸಂಚಿಕೆಯ ಓದುಗರಿಗೆ ಹೇಳಬೇಕಾಗಿಲ್ಲ.

ಗಡಿನಾಡ ಬಂಧುಗಳೇ, ದೂರದ ಈ ಕಥೆ ನಮಗೇಕೆ ಎನ್ನಬೇಡಿ. 1956ರ ನವೆಂಬರ 1ರಿಂದ ಕಾಸರಗೋಡಿನ ಕನ್ನಡಿಗರು ಹೇಳುತ್ತಾ ಬಂದುದು ಇದನ್ನೇ. ಕನ್ನಡ ತರಗತಿಗೆ ಕನ್ನಡ ಬಾರದ ಅಧ್ಯಾಪಕರ ನೇಮಕವಾದಾಗಲೆಲ್ಲ ತಂದೆತಾಯಂದಿರು ಶಾಲೆಯ ಗೇಟಿನೆದುರು ನಿಂತದ್ದು ಇದಕ್ಕಾಗಿಯೇ. ನಿಮಗೆ ಮಲಯಾಳ ಬರುತ್ತದಲ್ಲ ಎಂಬ ಉತ್ತರ ನಮಗೆ ಸಾಲದು. ಹಾಗಾದರೆ ನಾವು ಕೊಡುವ ಉತ್ತರವೂ ಅದೇ ಆಗಬಾರದು. ಈ ಮಣ್ಣಿನ ಕೊರಗರಿಗೆ ತಮ್ಮದೇ ನುಡಿಯಿದೆ. ನಮ್ಮೆದುರು ಅವರು ತುಳುವಿನಲ್ಲೋ ಕನ್ನಡದಲ್ಲೋ ಮಾತಾಡುತ್ತಾರೆ. ಅವರ ಕೊಪ್ಪದಲ್ಲಿ ಹೊರಗಿನವರು ನಾವು. ಅವರ ಭಾಷೆಯ ಹತ್ತು ಮಾತು ನಮ್ಮಲ್ಲಿ ಎಷ್ಟು ಮಂದಿಗೆ ಗೊತ್ತು?

ಹಕ್ಕು ಕೇಳುವವರು ಆ ಹಕ್ಕನ್ನು ಕೊಡಲೂ ತಯಾರಿರಬೇಕು. ನಮ್ಮ ಮನೆಯಂಗಳಕ್ಕೆ ಬಂದವರೊಡನೆ ಅವರ ಅನುಕೂಲಕ್ಕೆಂದು ಮಲಯಾಳ ಆಡುವುದು ಸೌಜನ್ಯ, ಅದು ಇರಲಿ. ಆದರೆ ಅವರಿಗೆ ಒಂದೆರಡು ಕನ್ನಡ ಮಾತು ಕಲಿಸದೆ ಕಳಿಸಬೇಡಿ. ಕೊರಗರ ಮನೆಗೆ ಹೋದಾಗ ಅವರದೊಂದು ಮಾತು ಕಲಿಯದೆ ಮರಳಬೇಡಿ.