ದಿನಕ್ಕೊಂದು ಗುಳಿಗೆಯ ಪರೀಕ್ಷೆ ಬೇಗಾರಿಗೂ ಬರಬೇಕೇ?

ಪ್ರಶ್ನೆ: ಎಡಿಎಚ್‌ಡಿ ಇರುವ ವಯಸ್ಕರಿಗೆ ಕೊಡುವ ದೀರ್ಘಾವಧಿ ಮಿಥೈಲ್‌ಫೆನಿಡೇಟ್‌ನ ವೈದ್ಯಕೀಯ ಪ್ರಯೋಗವನ್ನು ಬೇಗಾರು, ಶೃಂಗೇರಿ, ಕೊಪ್ಪ, ನರಸಿಂಹರಾಜಪುರದ ಕಡೆಯ ಜನರ ನಡುವೆಯೂ ನಡೆಸಬೇಕೇ?

ಗಮನ ನಿಲ್ಲದಿರುವುದು, ಚಡಪಡಿಕೆ, ಹಿಂದುಮುಂದು ನೋಡದೆ ನುಗ್ಗುವುದು, ಅಂದರೆ ಎಡಿಎಚ್‌ಡಿ, ಮಕ್ಕಳಲ್ಲಷ್ಟೇ ಇರುವ ತೊಂದರೆ ಎಂದು ವೈದ್ಯರೂ ಬಹುಕಾಲ ನಂಬಿದ್ದರು. ಎಲ್ಲರಲ್ಲೂ ಅದು ಮೀಸೆ ಮೂಡುವ ಹೊತ್ತಿಗೆ ಮಾಯವಾಗುವುದಿಲ್ಲ. ಅಮೆರಿಕದ ಮನೋವೈದ್ಯರ ಕೈಪಿಡಿ ಡಿಎಸ್‌ಎಂ-5 (2013) ವಯಸ್ಕರಿಗೆ ಐದು ಲಕ್ಷಣ ಸಾಕೆಂದಿತು. ಆದರೆ ಅವುಗಳ ಸುಳಿವು ಹನ್ನೆರಡು ವರ್ಷದೊಳಗೇ ಕಂಡಿರಬೇಕು. ಮಿಥೈಲ್‌ಫೆನಿಡೇಟ್ ಹಳೆಯ ಔಷಧಿ. 1944ರಲ್ಲಿ ಸ್ವಿಟ್ಜರ್‌ಲೆಂಡಿನ ಸೀಬಾ ಕಂಪನಿಯ ಲಿಯಾಂಡ್ರೊ ಪಾನಿಜ್ಜೋನ್ ಅದನ್ನು ತಯಾರಿಸಿದರು. ಸಾದಾ ಗುಳಿಗೆ ನಾಲ್ಕು ತಾಸಿಗೆ ಇಳಿದುಬಿಡುತ್ತದೆ. 2000ದಲ್ಲಿ ಬಂದ ದೀರ್ಘಾವಧಿಯ ಒಂದು ಗುಳಿಗೆಯಲ್ಲಿ ಔಷಧಿಯ ಶೇ. 22ರಷ್ಟು ಹೊರಲೇಪದಲ್ಲಿದ್ದು ಕೂಡಲೇ ಕರಗುತ್ತದೆ. ಒಂದು ತುದಿಯಲ್ಲಿ ಲೇಸರ್‌ನಿಂದ ಕೊರೆದ ಸಣ್ಣ ರಂಧ್ರವಿದೆ. ಒಳಗೆ ಇಳಿದ ನೀರಿಗೆ ತಳದ ಪದರ ಉಬ್ಬಿ, ಉಳಿದ ಔಷಧಿಯನ್ನು ಆ ರಂಧ್ರದಿಂದ ಹಗಲಿಡೀ ಸ್ವಲ್ಪಸ್ವಲ್ಪವೇ ಹೊರದೂಡುತ್ತದೆ. ಖಾಲಿ ಕವಚ ಮಲದಲ್ಲಿ ಹೋಗುತ್ತದೆ.

ಪರ

ಪ್ರತಿ ಊರಿನಲ್ಲೂ ಅಂಥವನೊಬ್ಬ ಇರುತ್ತಾನೆ. ನಾಲ್ಕು ಕೆಲಸ ಹಿಡಿಯುತ್ತಾನೆ, ಒಂದನ್ನೂ ಮುಗಿಸುವುದಿಲ್ಲ. ಸೊಸೈಟಿ ಸಾಲದ ಕಂತು ಮರೆತು ಬಡ್ಡಿ ಬೆಳೆಸುತ್ತಾನೆ, ಯಾರೋ ಮಾತಾಡುತ್ತಿದ್ದಂತೆ ಎದ್ದು ಹೋಗುತ್ತಾನೆ. ‘ತಲೆ ನಿಲ್ಲೋದಿಲ್ಲ ಅವಂಗೆ’, ‘ಜವಾಬ್ದಾರಿ ಅನ್ನೋದೇ ಇಲ್ಲ’ ಎಂದು ಊರು ತೀರ್ಪು ಕೊಟ್ಟು ಇಪ್ಪತ್ತು ವರ್ಷವಾಗಿರುತ್ತದೆ. ಇದೇ ತೊಂದರೆ ಹೆಂಗಸಿಗಿದ್ದರೆ ತೀರ್ಪು ಇನ್ನೂ ಕಠಿಣ. ಇಂಥವರಲ್ಲಿ ಕೆಲವರಿಗಾದರೂ ಚಿಕಿತ್ಸೆ ಇದೆ ಎಂದಾದರೆ, ಅದು ಅವರಿಗೆ ಹೊಂದುತ್ತದೋ ಇಲ್ಲವೋ ಎಂದು ನೋಡದೇ ಇರುವುದೇ ಅನ್ಯಾಯ.

ವಯಸ್ಕರಿಗೆ ಈ ಗುಳಿಗೆ ಕೊಟ್ಟು ನಡೆಸಿದ ಪ್ರಯೋಗಗಳು ಹೆಚ್ಚಾಗಿ ಉತ್ತರ ಅಮೆರಿಕ ಮತ್ತು ಯುರೋಪಿನವು. ಬಹಳ ಕಡೆ ಬಳಸುವ ಒಂದು ಪ್ರಶ್ನಾವಳಿಯಲ್ಲಿ, ಮೀಟಿಂಗ್‌ನಲ್ಲಿ ಕುಳಿತ ಜಾಗ ಬಿಟ್ಟು ಎಷ್ಟು ಸಲ ಏಳುತ್ತೀರಿ ಎಂಬ ಪ್ರಶ್ನೆಯೂ ಇದೆ. ಬೇಗಾರಿನ ತೋಟದ ಮನೆಯವನಿಗೆ ಎಂಥ ಮೀಟಿಂಗು? ಅವನ ಗಮನ ಪರೀಕ್ಷೆಯಾಗುವುದು ಮಳೆಗೆ ಮುಂಚೆ ಅಡಿಕೆಗೆ ಬೋರ್ಡೋ ದ್ರಾವಣ ಕೂಡಿಸುವಾಗ. ನೂರು ಲೀಟರಿಗೆ ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣ. ಎರಡನ್ನೂ ಬೇರೆಬೇರೆ ಕರಗಿಸಿ ಸೇರಿಸಬೇಕು, ಕಬ್ಬಿಣದ ಚಾಕು ಅದ್ದಿ ಕೆಂಪು ಹಿಡಿಯುತ್ತದೋ ನೋಡಬೇಕು, ಹಿಡಿದರೆ ಇನ್ನಷ್ಟು ಸುಣ್ಣ ಹಾಕಬೇಕು, ಅದೇ ದಿನ ಹೊಡೆದು ಮುಗಿಸಬೇಕು. ನಲವತ್ತು ನಲವತ್ತೈದು ದಿನಕ್ಕೆ ಎರಡನೆಯ ಸುತ್ತು. ಆ ಸುತ್ತು ಮರೆತರೆ ಕೊಳೆರೋಗ ವರ್ಷದ ಬೆಳೆಯನ್ನೇ ಉದುರಿಸುತ್ತದೆ. ಹಳದಿ ಎಲೆ ರೋಗದಿಂದ ಮೊದಲೇ ನಲುಗಿರುವ ಶೃಂಗೇರಿ, ಕೊಪ್ಪ, ನರಸಿಂಹರಾಜಪುರ ತಾಲ್ಲೂಕುಗಳಲ್ಲಿ ಅಷ್ಟು ನಷ್ಟವನ್ನು ಯಾವ ಮನೆಯೂ ತಾಳುವುದಿಲ್ಲ. ಗುಳಿಗೆಯಿಂದ ಉಪಯೋಗವಿದೆಯೇ ಎಂದು ಅಳೆಯುವುದಾದರೆ ಇಂಥ ಕೆಲಸದಲ್ಲಿ ಅಳೆಯಬೇಕು. ಹಾಗೆ ಅಳೆಯಲು ಇಲ್ಲಿಗೇ ಬರಬೇಕು.

ಎಲೆಅಡಿಕೆಯ ಮಾತೂ ಇದೆ. ಅಡಿಕೆಯಲ್ಲಿರುವ ಅರೆಕೊಲಿನ್ ತಾನೇ ಮೆದುಳನ್ನು ಚುರುಕುಗೊಳಿಸುವ ವಸ್ತು, ಮೇಲಿಂದ ದಿನಕ್ಕೆ ನಾಲ್ಕು ಲೋಟ ಕಾಫಿ. ಇವುಗಳ ಜೊತೆ ಈ ಔಷಧಿ ಹೇಗೆ ನಡೆದುಕೊಳ್ಳುತ್ತದೆ ಎಂಬುದನ್ನು ಯುರೋಪಿನ ಅಂಕಿಅಂಶ ನಮಗೆ ಹೇಳಿಕೊಡಲಾರದು.

ಪ್ರಯೋಗಕ್ಕೆ ಸಾವಿರಾರು ಜನ ಬೇಕೆಂದೂ ಇಲ್ಲ. ಈ ಔಷಧಿಯ ಪರಿಣಾಮ ಅದೇ ದಿನ ಕಾಣುತ್ತದೆ, ರಾತ್ರಿಗೆ ಮುಗಿಯುತ್ತದೆ. ಹಾಗಾಗಿ ಒಬ್ಬನಿಗೇ ಒಂದು ವಾರ ನಿಜವಾದ ಗುಳಿಗೆ, ಇನ್ನೊಂದು ವಾರ ಔಷಧಿಯಿಲ್ಲದ ಹುಸಿಗುಳಿಗೆ ಕೊಟ್ಟು, ಯಾವುದು ಯಾವುದೆಂದು ಅವನಿಗೂ ವೈದ್ಯರಿಗೂ ಗೊತ್ತಿಲ್ಲದ ಹಾಗೆ ಹೋಲಿಸಿ ನೋಡಬಹುದು. ಬೆಳಗಿನ ತಿಂಡಿಯ ಹೊತ್ತಿಗೆ ಒಂದೇ ಸಲ ನುಂಗುವುದಾದ್ದರಿಂದ, ಮರೆವೇ ಕಾಯಿಲೆಯಾದವನಿಗೆ ಮಧ್ಯಾಹ್ನದ ಗುಳಿಗೆ ನೆನಪಿಡುವ ಕಷ್ಟವಿಲ್ಲ.

ಔಷಧಿ ಕೊಡದೆ ಬಿಡುವುದರಲ್ಲೂ ಅಪಾಯವಿದೆ. ಸ್ವೀಡನ್ನಿನಲ್ಲಿ ಎಡಿಎಚ್‌ಡಿ ಇರುವ 1,48,578 ಜನರ ದಾಖಲೆ ಪರಿಶೀಲಿಸಿ 2024ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಔಷಧಿ ಶುರು ಮಾಡದವರಲ್ಲಿ ಎರಡು ವರ್ಷಕ್ಕೆ ಹತ್ತು ಸಾವಿರಕ್ಕೆ ಸುಮಾರು 48 ಸಾವು, ಶುರು ಮಾಡಿದವರಲ್ಲಿ 39.

ವಿರೋಧ

ಆ ಮನುಷ್ಯನ ಕಷ್ಟ ನಮಗೂ ಗೊತ್ತು. ಅವನಿಗೆ ಏನೂ ಮಾಡಬೇಡಿ ಎಂದು ಯಾರೂ ಹೇಳುತ್ತಿಲ್ಲ. ನಮ್ಮ ತಕರಾರು ಈ ಗುಳಿಗೆಯನ್ನು ಈ ಸ್ಥಿತಿಯಲ್ಲಿ ಇಲ್ಲಿಗೆ ತರುವುದರ ಬಗ್ಗೆ ಮಾತ್ರ.

ಸ್ವೀಡನ್ನಿನ ಲೆಕ್ಕದಿಂದಲೇ ಶುರು ಮಾಡೋಣ. ಅದು ದಾಖಲೆ ನೋಡಿ ಹಾಕಿದ ಲೆಕ್ಕ, ಪ್ರಯೋಗವಲ್ಲ. ಅದರಲ್ಲಿದ್ದವರ ಮಧ್ಯಮ ವಯಸ್ಸು ಹದಿನೇಳು ಚಿಲ್ಲರೆ. ವಯಸ್ಕರಿಗೆ ದೀರ್ಘಾವಧಿ ಮಿಥೈಲ್‌ಫೆನಿಡೇಟ್ ಕೊಟ್ಟ ಪ್ರಯೋಗಗಳನ್ನೆಲ್ಲ 2022ರಲ್ಲಿ ಕಾಕ್ರೇನ್ ಸಂಸ್ಥೆ ಒಟ್ಟಿಗೆ ಇಟ್ಟು ನೋಡಿತು. 24 ಪ್ರಯೋಗಗಳಲ್ಲಿ 5,066 ಜನ. ಲಕ್ಷಣಗಳ ಅಂಕಿ ಒಂದಿಷ್ಟು ಸುಧಾರಿಸಿತ್ತು. ಕೆಲಸಕ್ಕೆ ತಪ್ಪಿಸಿಕೊಂಡ ದಿನಗಳಲ್ಲಿ ವ್ಯತ್ಯಾಸ ಕಾಣಲಿಲ್ಲ. ಈ ಪುರಾವೆಯನ್ನು ಎಷ್ಟು ನಂಬಬಹುದು ಎಂಬುದಕ್ಕೆ ಅವರು ಕೊಟ್ಟ ದರ್ಜೆ ‘ಅತಿ ಕಡಿಮೆ’. ಅರ್ಧದಷ್ಟು ಪ್ರಯೋಗಗಳಿಗೆ ಔಷಧಿ ಕಂಪನಿಗಳದೇ ದುಡ್ಡು. ಜಗತ್ತಿನ ಅಗತ್ಯ ಔಷಧಿಗಳ ಪಟ್ಟಿಗೆ ಮಿಥೈಲ್‌ಫೆನಿಡೇಟ್ ಸೇರಿಸಬೇಕೆಂಬ ಕೋರಿಕೆಯನ್ನು ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲೂ 2021ರಲ್ಲೂ ಒಪ್ಪಲಿಲ್ಲ.

ಕೈದಿಗಳ ಮೇಲೆ ನಡೆದ ಎರಡು ಪ್ರಯೋಗಗಳನ್ನು ಅಕ್ಕಪಕ್ಕ ಇಟ್ಟು ನೋಡಿ. ಸ್ವೀಡನ್ನಿನ ಜೈಲಿನ ಮೂವತ್ತು ಗಂಡಸರಲ್ಲಿ ಗುಳಿಗೆ ಭಾರೀ ಉಪಯೋಗ ತೋರಿಸಿತು. ಆಮೇಲೆ ಬ್ರಿಟನ್ನಿನಲ್ಲಿ ಇನ್ನೂರು ತರುಣ ಕೈದಿಗಳ ಮೇಲೆ ನೋಡಿದಾಗ ಹುಸಿಗುಳಿಗೆಗೂ ಅದಕ್ಕೂ ವ್ಯತ್ಯಾಸವೇ ಸಿಗಲಿಲ್ಲ. ಸಣ್ಣ ಪ್ರಯೋಗ ಎಷ್ಟು ಆಸೆ ಹುಟ್ಟಿಸಿ ಕೈಕೊಡಬಹುದು ಎಂಬುದಕ್ಕೆ ಇದಕ್ಕಿಂತ ಬೇರೆ ಉದಾಹರಣೆ ಬೇಡ. ವಾರ ಬಿಟ್ಟು ವಾರದ ಹೋಲಿಕೆ ಕೇಳಲು ಚೆನ್ನ. ಆದರೆ ನಿಜವಾದ ಗುಳಿಗೆ ಬಾಯಿ ಒಣಗಿಸುತ್ತದೆ, ಹಸಿವು ಅಡಗಿಸುತ್ತದೆ, ಎದೆಬಡಿತ ಹೆಚ್ಚಿಸುತ್ತದೆ. ನುಂಗಿದವನಿಗೆ ಎರಡನೆಯ ದಿನಕ್ಕೇ ಗುಟ್ಟು ತಿಳಿದುಹೋಗುತ್ತದೆ. ಆಮೇಲೆ ಅವನು ಕೊಡುವ ಅಂಕಿಯಲ್ಲಿ ಔಷಧಿಯ ಪಾಲೆಷ್ಟು, ಅವನ ಭರವಸೆಯ ಪಾಲೆಷ್ಟು ಎಂದು ಬೇರೆ ಮಾಡುವುದು ಹೇಗೆ? ಹೃದಯದ ಮಾತು ಇನ್ನೂ ಗಂಭೀರ. ಎಡಿಎಚ್‌ಡಿಯ ಔಷಧಿಗಳನ್ನು ಹೆಚ್ಚು ವರ್ಷ ತೆಗೆದುಕೊಂಡವರಲ್ಲಿ ರಕ್ತದೊತ್ತಡ ಮತ್ತು ರಕ್ತನಾಳದ ಕಾಯಿಲೆ ಹೆಚ್ಚು ಎಂಬ ಅಧ್ಯಯನವೂ ಅದೇ ಸ್ವೀಡನ್ನಿನಿಂದ 2024ರಲ್ಲೇ ಬಂದಿದೆ. ವಾರಗಳಲ್ಲಿ ಮುಗಿಯುವ ಪ್ರಯೋಗದ ಕಣ್ಣಿಗೆ ಅದು ಬೀಳುವುದೇ ಇಲ್ಲ.

ಇದೆಲ್ಲ ಬಗೆಹರಿಯಿತೆಂದೇ ಇಟ್ಟುಕೊಳ್ಳೋಣ. ಹನ್ನೆರಡು ವಾರ ಗುಳಿಗೆ ಕೊಟ್ಟಿರಿ, ಒಬ್ಬನಿಗೆ ನಿಜವಾಗಿಯೂ ಗುಣ ಕಂಡಿತು, ಜೀವನದಲ್ಲಿ ಮೊದಲ ಸಲ ಹಿಡಿದ ಕೆಲಸ ಮುಗಿಸಿದ. ಹದಿಮೂರನೆಯ ವಾರ ಅವನು ಎಲ್ಲಿಗೆ ಹೋಗಬೇಕು? ಮಿಥೈಲ್‌ಫೆನಿಡೇಟ್ ನಮ್ಮಲ್ಲಿ ಶೆಡ್ಯೂಲ್ ಎಕ್ಸ್ ಔಷಧಿ, ಎನ್‌ಡಿಪಿಎಸ್ ಕಾಯ್ದೆಯಡಿಯೂ ಬರುತ್ತದೆ. ಮಾರಲು ಅಂಗಡಿಗೆ ಪ್ರತ್ಯೇಕ ಪರವಾನಗಿ ಬೇಕು, ಚೀಟಿ ಎರಡು ಪ್ರತಿ ಇರಬೇಕು, ಒಂದನ್ನು ಅಂಗಡಿಯವರು ಎರಡು ವರ್ಷ ಕಾಪಾಡಬೇಕು. ಸಣ್ಣ ಪೇಟೆಯ ಮೆಡಿಕಲ್ ಶಾಪಿಗೆ ತಿಂಗಳಿಗೆ ಇಬ್ಬರು ಗಿರಾಕಿಗಾಗಿ ಇದು ಗಿಟ್ಟುವ ವ್ಯಾಪಾರವಲ್ಲ. 2020ರ ಟೆಲಿಮೆಡಿಸಿನ್ ಮಾರ್ಗಸೂಚಿ ಫೋನಿನಲ್ಲೋ ವೀಡಿಯೊದಲ್ಲೋ ನೋಡಿ ಶೆಡ್ಯೂಲ್ ಎಕ್ಸ್ ಔಷಧಿ ಬರೆಯುವುದನ್ನು ನಿಷೇಧಿಸಿದೆ. 14416ಕ್ಕೆ ಕರೆ ಮಾಡಿದರೆ ಟೆಲಿ-ಮಾನಸ್ ಸಹಾಯವಾಣಿಯವರು ಸಮಾಧಾನದಿಂದ ಕೇಳುತ್ತಾರೆ, ದಾರಿ ಹೇಳುತ್ತಾರೆ, ಈ ಗುಳಿಗೆ ಮಾತ್ರ ಅಲ್ಲಿಂದ ಬರುವುದಿಲ್ಲ. ಉಳಿದದ್ದು ಆಗುಂಬೆ ಘಾಟಿ ಇಳಿದು ಮಣಿಪಾಲ, ಇಲ್ಲವೇ ಶಿವಮೊಗ್ಗ, ಇಲ್ಲವೇ ರಾತ್ರಿ ಬಸ್ಸು ಹಿಡಿದು ಬೆಂಗಳೂರಿನ ನಿಮ್ಹಾನ್ಸ್. ಮರೆವಿನವನಿಗೆ, ಅದೂ ಆಷಾಢದ ಮಳೆಯಲ್ಲಿ, ಇದು ಎಷ್ಟು ತಿಂಗಳು ನಡೆದೀತು? ಗುಣ ತೋರಿಸಿ ಕಿತ್ತುಕೊಂಡರೆ ಅವನು ಮೊದಲಿಗಿಂತ ಹೆಚ್ಚು ನೋಯುತ್ತಾನೆ.

ಸರ್ಕಾರದ ಮನೋಚೈತನ್ಯ ಕಾರ್ಯಕ್ರಮದಡಿ ಮನೋವೈದ್ಯರು ಮಂಗಳವಾರಗಳಂದು ತಾಲ್ಲೂಕು ಆಸ್ಪತ್ರೆಗಳಿಗೆ ಬರುವ ಏರ್ಪಾಡು 2014ರಿಂದಲೇ ಇದೆ. ಮೊದಲು ಆ ದಿನಗಳಲ್ಲಿ ವಯಸ್ಕರ ಎಡಿಎಚ್‌ಡಿಯನ್ನು ಗುರುತಿಸಲಿ. ಥೈರಾಯ್ಡ್, ಖಿನ್ನತೆ, ಕುಡಿತ, ನಿದ್ದೆಗೇಡು ಕೂಡ ಇದೇ ವೇಷದಲ್ಲಿ ಬರುತ್ತವೆ, ಅವನ್ನು ಬೇರ್ಪಡಿಸಲಿ. ಬಾಲ್ಯ ಹೇಗಿತ್ತೆಂದು ಹೇಳಲು ಅವನ ತಾಯಿಯನ್ನೋ ಅಕ್ಕನನ್ನೋ ಕರೆಸಿ ಕೂರಿಸಿಕೊಳ್ಳಲಿ. ಉತ್ತೇಜಕವಲ್ಲದ ಆಟೊಮೊಕ್ಸೆಟಿನ್ ಶೆಡ್ಯೂಲ್ ಎಕ್ಸ್‌ನಲ್ಲಿಲ್ಲ, ಅದನ್ನು ಕೊಟ್ಟು ನೋಡಲಿ. ಪ್ರಯೋಗ ಮಾಡಲೇಬೇಕೆನ್ನುವವರು, ಅದು ಮುಗಿದ ಮೇಲೆ ಈ ಗುಳಿಗೆ ಕೊಪ್ಪದ್ದೋ ಶೃಂಗೇರಿಯದ್ದೋ ಸರ್ಕಾರಿ ಆಸ್ಪತ್ರೆಯ ಬೀಗದ ಕಪಾಟಿನಲ್ಲಿ ಎಷ್ಟು ವರ್ಷ, ಯಾರ ಖರ್ಚಿನಲ್ಲಿ ಸಿಗುತ್ತದೆ ಎಂಬುದನ್ನು ಒಪ್ಪಿಗೆ ಪತ್ರದಲ್ಲೇ ಕನ್ನಡದಲ್ಲಿ ಬರೆದುಕೊಡಲಿ. ಅಲ್ಲಿಯವರೆಗೆ ನಮ್ಮ ಸಹಿ ಇಲ್ಲ.